ಅಷ್ಟು ಮೇಲೆ ಹೋಗಿ ಹೆಸರುಕಾಳು ಮೊಳಕೆ ಬರಿಸಿದ್ದು ಯಾಕೆ?

ನಾನು ಧಾರವಾಡದಲ್ಲಿ ವಿಜ್ಞಾನ ಕಲಿಸುವ ಮಾಸ್ತರು. ಒಂದು ಪ್ರಶ್ನೆ ಕ್ಲಾಸಿನಲ್ಲೂ ಬರುತ್ತದೆ, ಕಿರಾಣಿ ಅಂಗಡಿಯಲ್ಲೂ ಬರುತ್ತದೆ. "ಅಲ್ರೀ ಮಾಸ್ತರ, ಅಷ್ಟು ರೊಕ್ಕ ಸುರಿದು ಆಕಾಶಕ್ಕ ಹೋಗಿ ಹೆಸರಕಾಳು ಮೊಳಕಿ ಬರಸೂದು ಯಾಕ ಬೇಕಿತ್ತು? ನಮ್ಮವ್ವ ಅರಿವ್ಯಾಗ ಕಟ್ಟಿಟ್ಟು ದಿನಾ ಮಾಡ್ತಾಳ."

ನಡೆದಿದ್ದು ಇಷ್ಟು. 2025ರ ಜೂನ್ 25ರಂದು ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಫ್ಲಾರಿಡಾದಿಂದ ಹೊರಟು ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದರು. ಅಲ್ಲಿ ಹೆಸರುಕಾಳು, ಮೆಂತ್ಯೆಕಾಳು ಮೊಳಕೆ ಬರಿಸಿ, ಫೋಟೊ ತೆಗೆದು, ಫ್ರೀಜರ್‌ನಲ್ಲಿಟ್ಟರು. ಜುಲೈ 15ಕ್ಕೆ ಭೂಮಿಗೆ ಮರಳಿದರು. ಈ ಪ್ರಯೋಗ ರೂಪಿಸಿದವರು ನಮ್ಮ ಊರಿನವರೇ: ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ.

ಕೇಳಿದವರಿಗೆ ನಾನು ಮೊದಲು ಒಂದು ಕೆಲಸ ಹೇಳುತ್ತೇನೆ. ಒಂದು ಗಾಜಿನ ಲೋಟ ತಗೊಳ್ಳಿ. ಒಳಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ನಾಲ್ಕು ಹೆಸರುಕಾಳು ಸಿಕ್ಕಿಸಿ. ಎರಡು ದಿನಕ್ಕೆ ಬಿಳಿ ಬೇರು ಕೆಳಗೆ ಇಳಿದಿರುತ್ತದೆ. ಈಗ ಲೋಟ ಅಡ್ಡ ಮಲಗಿಸಿ. ಮರುದಿನ ನೋಡಿದರೆ ಬೇರಿನ ತುದಿ ಬಾಗಿ ಮತ್ತೆ ಕೆಳಗೇ ತಿರುಗಿರುತ್ತದೆ! ಒಬ್ಬ ಹುಡುಗಿ ಇದನ್ನು ಕಪಾಟಿನ ಕತ್ತಲಲ್ಲಿಟ್ಟು ನೋಡಿ ಬಂದು ಕೇಳಿದಳು: "ಸರ, ಕತ್ತಲಾಗ ಇಟ್ರೂ ಕೆಳಗ ಯಾವುದು ಅಂತ ಅದಕ್ಕ ಹೆಂಗ ಗೊತ್ತಾತ್ರಿ?" ಅವತ್ತು ಪಾಠ ಅಲ್ಲೇ ಬಿಟ್ಟು ಇದನ್ನೇ ಮಾತಾಡಿದೆವು.

ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಾಳುಗಳಿವೆ. ಅವು ಭಾರಕ್ಕೆ ತಳ ಸೇರುತ್ತವೆ. ತಳ ಯಾವ ಕಡೆಯೋ ಬೇರು ಆ ಕಡೆ. ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿ ಭೂಮಿಯ ಸೆಳೆತ ಇಲ್ಲ ಅಂತಲ್ಲ. ನಿಲ್ದಾಣ, ಮನುಷ್ಯ, ಕಾಳು ಎಲ್ಲವೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಾ ಇರುತ್ತವೆ. ಹಾಗಾಗಿ ಪಿಷ್ಟ ತಳ ಸೇರುವುದಿಲ್ಲ. ಬೇರಿಗೆ ಕೆಳಗು ಯಾವುದು ಅಂತ ಹೇಳುವವರೇ ಇಲ್ಲ.

ನೀರಿನ ಕಥೆ ಇನ್ನೂ ಕಷ್ಟ. ಅವ್ವ ಅರಿವೆಯಲ್ಲಿ ಕಟ್ಟಿದ ಕಾಳಿನಿಂದ ಜಾಸ್ತಿ ನೀರು ಸೋರಿ ಹೋಗುತ್ತದೆ. ಅಲ್ಲಿ ನೀರು ಸೋರುವುದಿಲ್ಲ, ಕಾಳಿನ ಸುತ್ತ ಅಂಟಿಕೊಂಡು ಗಾಳಿ ತಡೆಯುತ್ತದೆ. ಎರೆ ಹೊಲದಲ್ಲಿ ಮುಂಗಾರಿ ಹೆಸರು ಬಿತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿತ್ತಿದ ಮೇಲೆ ಜೋರು ಮಳೆ ಹೊಡೆದು ನೀರು ನಿಂತರೆ ಬೀಜ ಕೊಳೆಯುತ್ತದೆ.

ಮೇಲೆ ಗಿಡ ಬೆಳೆಸಿದವರಲ್ಲಿ ನಾವು ಮೊದಲಿಗರೇನಲ್ಲ. 1982ರಲ್ಲೇ ಸೋವಿಯತ್ ದೇಶದ ಸಲ್ಯುತ್-7 ನಿಲ್ದಾಣದಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡವೊಂದು ಹೂಬಿಟ್ಟು ಬೀಜ ಕಟ್ಟಿತ್ತು. ರಾಕೇಶ್ ಶರ್ಮಾ 1984ರಲ್ಲಿ ಹೋಗಿದ್ದು ಅದೇ ನಿಲ್ದಾಣಕ್ಕೆ. 2024ರ ಡಿಸೆಂಬರ್ ಕೊನೆಗೆ ಇಸ್ರೊ ಎಂಟು ಅಲಸಂದೆ ಕಾಳು ಕಳಿಸಿತು. ನಾಲ್ಕೇ ದಿನಕ್ಕೆ ಮೊಳಕೆ ಬಂತು.

ಆದರೆ ಮೊಳಕೆಕಾಳು ಊಟಕ್ಕೆ ಹತ್ತಿರದ್ದು. ಮಣ್ಣು ಬೇಡ, ಒಲೆ ಬೇಡ, ಎರಡು ಮೂರು ದಿನ ಸಾಕು. ಒಣ ಕಾಳಿನಲ್ಲಿ ಇಲ್ಲದಷ್ಟು ಸಿ ವಿಟಮಿನ್ ಮೊಳಕೆಯಲ್ಲಿ ಬರುತ್ತದೆ. ಮಂಗಳಕ್ಕೆ ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು, ಅಷ್ಟು ದಿನ ಪ್ಯಾಕೆಟ್ ಊಟವೊಂದನ್ನೇ ನಂಬಿ ಕೂರೋಕಾಗಲ್ಲ. ಮೇಲೆ ಬಂದ ಮೊಳಕೆಯಲ್ಲಿ ಸತ್ವ ಇಲ್ಲಿನಷ್ಟೇ ಇದೆಯಾ, ಸೂಕ್ಷ್ಮಜೀವಿಗಳು ಹೇಗಿವೆ, ತಿಂದರೆ ಸುರಕ್ಷಿತವಾ? ಇವನ್ನು ನೋಡಲೇಬೇಕು.

ರೊಕ್ಕದ ಮಾತಿಗೆ ಬಂದರೆ, ರಾಕೆಟ್ ಹಾರಿದ್ದು ಕಾಳಿಗೋಸ್ಕರ ಅಲ್ಲ. ಶುಕ್ಲಾ ಹೋಗಿದ್ದು ಗಗನಯಾನದ ತಯಾರಿಗೆ, ಅಂದರೆ ನಮ್ಮದೇ ನೌಕೆಯಲ್ಲಿ ಮನುಷ್ಯರನ್ನು ಕಳಿಸುವ ಯೋಜನೆಗೆ, ಅದರ ಜೊತೆ ನಮ್ಮ ಏಳು ಪ್ರಯೋಗಗಳು ಹೋದವು. ಇದರಿಂದ ಬರುವ ಮುಂಗಾರಿಗೆ ಹೊಸ ತಳಿ ಸಿಗುತ್ತದೆ ಅಂತ ನಾನು ಸುಮ್ನೆ ಹೇಳುವುದಿಲ್ಲ. 2035ಕ್ಕೆ ನಮ್ಮದೇ ನಿಲ್ದಾಣ ಕಟ್ಟುವ ಗುರಿ ಇದೆ. ಅಲ್ಲಿ ತಿಂಗಳುಗಟ್ಟಲೆ ಇರುವವರ ತಟ್ಟೆಗೆ ಏನು ಬಡಿಸಬೇಕು ಅನ್ನುವುದನ್ನು ಈಗಲೇ ನೋಡಿಟ್ಟುಕೊಳ್ಳಬೇಕು, ಅಲ್ವಾ?