ನೀರೊಳಗಿನ ಬೆಂಕಿ, ಗಜನಿಯ ಏರಿ ಮತ್ತು ನಿಯಮಪುಸ್ತಕದ ಮೌನ

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಮಳೆಗಾಲದ ಶನಿವಾರಗಳಂದು ನಾವು ಐವರು ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಉರುಳಿಸಿ ಕಥೆ ಕಟ್ಟುವ ಆಟವನ್ನು ಆಡುತ್ತೇವೆ. ಕಥೆ ನಡೆಸುವುದೂ ತಕರಾರು ಎದ್ದಾಗ ತೀರ್ಪು ಕೊಡುವುದೂ ಡಂಜನ್ ಮಾಸ್ಟರ್ ಆದ ನನ್ನ ಪಾಲಿನ ಕೆಲಸ. ಈಚೆಗೆ ಒಂದು ರಾತ್ರಿ ಕಾಳಗವು ಕಡಲಿನ ತಳಕ್ಕೆ ಇಳಿದಾಗ, ಮಾಂತ್ರಿಕನ ಪಾತ್ರ ವಹಿಸಿದ್ದ ಗೆಳೆಯನು ಸಹುವಾಗಿನ್ ಎಂಬ ಮೀನುಮೈಯ ರಾಕ್ಷಸರ ಗುಂಪಿನ ಮೇಲೆ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರವನ್ನು ಎಸೆಯುವುದಾಗಿ ಸಾರಿದನು. ಕುಮಟೆಯಿಂದ ಬಂದಿದ್ದ ಗೆಳತಿ ಕೂಡಲೇ ತಡೆದಳು: "ನೀರೊಳಗೆ ಬೆಂಕಿ ಎಲ್ಲಿ ಹತ್ತೂದು ಮಾರಾಯ?"

ನಾವು ಆಡುವುದು 2014ರ ಐದನೇ ಆವೃತ್ತಿಯನ್ನು. ಅದರಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿದೆ: ಪೂರ್ತಿ ನೀರಿನಲ್ಲಿ ಮುಳುಗಿರುವ ಜೀವಿಗೂ ವಸ್ತುವಿಗೂ ಬೆಂಕಿಯ ಹಾನಿ ಅರ್ಧದಷ್ಟು ಮಾತ್ರ ತಟ್ಟುತ್ತದೆ. ಅಂದರೆ ಫೈರ್‌ಬಾಲ್ ಸಿಡಿಯುತ್ತದೆ, ಆದರೆ ಸೊರಗುತ್ತದೆ. ಆ ಮಂತ್ರದ ಹಾನಿ ಎಂಟು ಆರುಮುಖದ ದಾಳಗಳಷ್ಟು, ಅವುಗಳ ಸರಾಸರಿ 28. ಸಾಮಾನ್ಯ ಸಹುವಾಗಿನ್‌ನ ಜೀವಬಲ 22. ದಡದ ಮೇಲೆ ಆ ಮಂತ್ರದಿಂದ ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋಗುವ ಸಹುವಾಗಿನ್, ನೀರೊಳಗೆ 14ರಷ್ಟು ಪೆಟ್ಟು ತಿಂದು ಈಟಿ ಹಿಡಿದುಕೊಂಡೇ ಮುಂದೆ ಬರುತ್ತದೆ. ದಾಳದ ಬಲದಿಂದ ಅರ್ಧ ತಪ್ಪಿಸಿಕೊಂಡದ್ದಕ್ಕೆ ತಟ್ಟುವುದು ಬರೀ 7.

ಮಾಂತ್ರಿಕನಿಗೆ ಇದು ಸಮಾಧಾನ ತರಲಿಲ್ಲ. ಔರ್ವ ಮುನಿಯ ಕೋಪಾಗ್ನಿಯು ಕಡಲಿಗೆ ಬಿದ್ದು, ಕುದುರೆಯ ಮುಖ ತಾಳಿ, ಇಂದಿಗೂ ನೀರನ್ನೇ ಕುಡಿಯುತ್ತ ಉರಿಯುತ್ತಿದೆ. ಬಡಬಾಗ್ನಿಗೆ ಇಲ್ಲದ ರಿಯಾಯಿತಿ ತನ್ನ ಬೆಂಕಿಗೆ ಏಕೆ ಎಂದು ಅವನು ವಾದಿಸಿದನು. ತಾಳಮದ್ದಲೆಯ ವೇದಿಕೆಯಾಗಿದ್ದರೆ ಆ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಆದರೆ ತಾಳಮದ್ದಲೆಯಲ್ಲಿಯೂ ವಾಲಿಯ ಅರ್ಥಧಾರಿಯು ರಾಮನನ್ನು ಎಷ್ಟೇ ಹೊತ್ತು ಪ್ರಶ್ನೆಗಳಿಂದ ಕಟ್ಟಿಹಾಕಿದರೂ ಭಾಗವತರ ಪದ್ಯ ಬಂದಾಗ ವಾಲಿ ಬೀಳಲೇಬೇಕು. ಪ್ರಸಂಗ ಹೇಳಿದ್ದನ್ನು ಅರ್ಥ ಅಳಿಸಲಾರದು. ನನ್ನ ತೀರ್ಪು ನಿಂತದ್ದು ಇದರ ಮೇಲೆಯೇ. ಪುಸ್ತಕ ಬಾಯಿಬಿಟ್ಟು ಹೇಳಿದ ಕಡೆ ಪುರಾಣಕ್ಕೆ ಅಧಿಕಾರವಿಲ್ಲ. ಬಡಬಾಗ್ನಿಯನ್ನು ಅವನು ಬೇಕಿದ್ದರೆ ವರ್ಣನೆಗೆ ಬಳಸಲಿ, ಹಾನಿಯ ಲೆಕ್ಕಕ್ಕೆ ಬೇಡ.

ಪುಸ್ತಕ ಮೌನವಾಗಿರುವ ಕಡೆಯೇ ನಿಜವಾದ ತೊಡಕು. ಫೈರ್‌ಬಾಲ್‌ಗೆ ಮಂತ್ರವನ್ನು ಉಚ್ಚರಿಸಬೇಕು. ಬಾಯಿಗೆ ಬಟ್ಟೆ ಕಟ್ಟಿದವನೂ ಮಾಯೆಯ ನಿಶ್ಶಬ್ದದೊಳಗೆ ಸಿಕ್ಕವನೂ ಅಂಥ ಮಂತ್ರ ಹಾಕಲಾರರು ಎಂದು ನಿಯಮವಿದೆ. ಅಲ್ಲಿ ನೀರಿನ ಪ್ರಸ್ತಾಪವಿಲ್ಲ. ನೀರಿನಲ್ಲಿ ಉಸಿರಾಡಿಸುವ ಮಂತ್ರದ ರಕ್ಷೆ ಅಂದು ಎಲ್ಲರಿಗೂ ಇದ್ದುದರಿಂದ ಆ ರಾತ್ರಿ ಪಾರಾದೆವು, ಆದರೆ ಪ್ರಶ್ನೆ ಉಳಿಯಿತು. ಉಸಿರು ಬಿಗಿಹಿಡಿಯುವ ಅವಧಿಯು ಒಂದು ನಿಮಿಷಕ್ಕೆ ಪಾತ್ರದ ದೇಹದಾರ್ಢ್ಯದ ಮಾರ್ಪಾಟು ಅಂಕವನ್ನು (ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್) ಕೂಡಿಸಿದಷ್ಟು ನಿಮಿಷ. ಉಸಿರು ತೀರಿದ ಮೇಲೆ ತಾಳಬಲ್ಲದ್ದು ಅದೇ ಮಾರ್ಪಾಟು ಅಂಕದಷ್ಟು ಸುತ್ತುಗಳು, ಒಂದೊಂದು ಸುತ್ತಿಗೆ ಆರು ಸೆಕೆಂಡು. ಮುಳುಗಿ ಮೇಲೆದ್ದ ಅನುಭವವಿರುವ ಯಾರಿಗಾದರೂ ಗೊತ್ತು, ಕೂಗಿದರೆ ಎದೆಯ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುತ್ತದೆ. ಆದ್ದರಿಂದ ರಕ್ಷೆ ಇಲ್ಲದವನು ಮಂತ್ರ ಹೇಳಬಹುದು, ಆದರೆ ಹೇಳಿದ ಕ್ಷಣವೇ ಉಸಿರು ತೀರಿತೆಂದು ಎಣಿಸಬೇಕು ಎಂದು ನಮ್ಮ ಮನೆಯ ನಿಯಮ ಮಾಡಿದೆ. ಇದು ಕಠಿಣವಾಯಿತೆಂದು ಇಬ್ಬರು ಇಂದಿಗೂ ಗೊಣಗುತ್ತಾರೆ.

ಎರಡನೆಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ನಮ್ಮ ಆಟದ ನಕಾಶೆಯ ನದಿಯನ್ನು ನಾನು ಅಘನಾಶಿನಿಯನ್ನು ನೋಡಿಯೇ ಬರೆದಿದ್ದೇನೆ: ಶಿರಸಿಯ ಶಂಕರ ಹೊಂಡದಂಥ ಮೂಲ, ಉಂಚಳ್ಳಿಯಂಥ ಜಲಪಾತ, ತದಡಿಯಂಥ ಅಳಿವೆ. ಸಹುವಾಗಿನ್‌ಗಳು ಈ ನದಿಯಲ್ಲಿ ಎಲ್ಲಿಯವರೆಗೆ ಏರಿ ಬರಬಲ್ಲವು? ಅವು ಗಾಳಿಯನ್ನೂ ನೀರನ್ನೂ ಉಸಿರಾಡಬಲ್ಲವು, ಆದರೆ ನಾಲ್ಕು ಗಂಟೆಗೊಮ್ಮೆಯಾದರೂ ಮುಳುಗದಿದ್ದರೆ ಉಸಿರುಗಟ್ಟುತ್ತದೆ ಎಂಬುದಷ್ಟೇ ನಿಯಮ. ಉಪ್ಪುನೀರೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲ. ಅಕ್ಷರವನ್ನೇ ಹಿಡಿದರೆ ಅವು ಜಲಪಾತದ ಬುಡಕ್ಕೂ ಬಂದು ನಿಲ್ಲಬಹುದು. ಆದರೆ ಆಟದ ಐತಿಹ್ಯವು ಅವುಗಳನ್ನು ಕಡಲ ಪಿಶಾಚಿಗಳೆಂದು ಕರೆಯುತ್ತದೆ, ಅವುಗಳ ಮಾತು ಕೇಳುವುದು ಶಾರ್ಕ್‌ಗಳು. ಅಂಥವು ಅಡಿಕೆ ತೋಟದ ಹಳ್ಳದಲ್ಲಿ ತಲೆ ಎತ್ತುವುದು ನನಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ನಿಯಮ ಸುಮ್ಮನಿರುವುದರಿಂದ ಐತಿಹ್ಯದ ಮಾತು ನಡೆಯಬೇಕು. ಅವು ಬರುವುದು ಉಬ್ಬರದ ಉಪ್ಪುನೀರು ಮುಟ್ಟುವವರೆಗೆ, ಅಂದರೆ ಗಜನಿ ಗದ್ದೆಗಳವರೆಗೆ ಎಂದು ತೀರ್ಮಾನಿಸಿದೆ.

ಗಜನಿಯ ಹೆಸರೆತ್ತಿದ್ದೇ ತಪ್ಪಾಯಿತು. ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆಯುವ ಆ ಗದ್ದೆಗಳನ್ನು ಕಂಡು ಬೆಳೆದ ಕುಮಟೆಯ ಗೆಳತಿ ಪೆನ್ಸಿಲ್ ಎತ್ತಿಕೊಂಡು ಲೆಕ್ಕಕ್ಕೆ ಕುಳಿತಳು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಸಹುವಾಗಿನ್ ತಾಳುವುದು ನಾಲ್ಕೇ ಗಂಟೆ. ಉಬ್ಬರದ ಜೊತೆ ಅವುಗಳನ್ನು ಏರಿಯ ಒಳಗೆ ಬಿಟ್ಟುಕೊಂಡು, ಇಳಿತದಲ್ಲಿ ನೀರು ಹೊರಗೆ ಹರಿದ ಮೇಲೆ ತೂಬನ್ನು ಮುಚ್ಚಿ ಕಾವಲು ನಿಂತರೆ, ಒಂದೂ ಮಂತ್ರ ಖರ್ಚಾಗದೆ ಕಾಳಗ ಮುಗಿಯುತ್ತದೆ ಎಂಬುದು ಅವಳ ಉಪಾಯ. ಗದ್ದೆಯ ಕೆಸರಿನಲ್ಲಿ ಹೊರಳಿದರೆ ಮುಳುಗಿದಂತೆ ಆಗುತ್ತದೆಯೇ ಎಂದು ಮಾಂತ್ರಿಕ ಕೇಳಿದನು; ಸಹುವಾಗಿನ್‌ಗಳ ಪರವಾಗಿ ಅವನು ವಕಾಲತ್ತು ವಹಿಸಿದ್ದು ಅದೇ ಮೊದಲು. ಕೆಸರು ನೀರಲ್ಲ, ಆದರೆ ಮಲಗಿದರೆ ಮೈ ಮುಚ್ಚುವಷ್ಟು ನೀರು ನಿಂತ ಗುಂಡಿ ಸಿಕ್ಕರೆ ಸಾಕು ಎಂದೆ. ಬರುವ ಶನಿವಾರದೊಳಗೆ ಆ ಗದ್ದೆಯಲ್ಲಿ ಎಷ್ಟು ಗುಂಡಿಗಳಿವೆ ಎಂಬುದನ್ನು ನಕಾಶೆಯಲ್ಲಿ ನಾನು ಗುರುತಿಸಬೇಕಾಗಿದೆ.