ಹಿತ್ತಲಿನಿಂದ ಹಳ್ಳದವರೆಗೆ: ವಸಂತದ ಎರಡು ಬೆಳಗುಗಳು

ಮಾರ್ಚ್ ತಿಂಗಳ ಕೊನೆಯ ವಾರ ಮಲೆನಾಡಿನ ಚಿಕ್ಕಮ್ಮನ ಮನೆಗೆ ಎರಡು ದಿನದ ಮಟ್ಟಿಗೆ ಹೋಗಿದ್ದೆ. ವಸಂತವೆಂದರೆ ಹಕ್ಕಿಗಳು ಮರಳಿ ಬರುವ ಕಾಲ ಎಂಬುದು ಉತ್ತರದ ಚಳಿಯ ನಾಡುಗಳಿಗೆ ಒಪ್ಪುವ ಮಾತು. ನಮ್ಮ ಕಡೆ ಚಳಿಗಾಲಕ್ಕೆಂದು ಬಂದಿದ್ದ ವಲಸೆಗಾರರು ಹೊರಟು ನಿಲ್ಲುವುದೂ ಇಲ್ಲಿಯೇ ಇರುವ ಹಕ್ಕಿಗಳು ಗೂಡಿಗೆ ತೊಡಗುವುದೂ ಈ ವಾರಗಳಲ್ಲಿಯೇ. ಇವೆರಡನ್ನೂ ಒಂದೇ ಜಾಗದಲ್ಲಿ ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಮೊದಲ ದಿನ ಬೆಳಕು ಹರಿಯುವ ಮೊದಲೇ ಹಿತ್ತಿಲ ಕಟ್ಟೆಯ ಮೇಲೆ ಕುಳಿತೆ. ಎಲ್ಲಕ್ಕಿಂತ ಮೊದಲು ದನಿ ತೆಗೆದದ್ದು ಮಡಿವಾಳ ಹಕ್ಕಿ. ಚಳಿಗಾಲದುದ್ದಕ್ಕೂ ಪೊದೆಯ ಬುಡದಲ್ಲಿ ಸದ್ದಿಲ್ಲದೆ ಹುಳು ಹೆಕ್ಕುವ ಈ ಹಕ್ಕಿಯ ಗಂಡು, ಹಗಲು ಉದ್ದವಾಗುತ್ತಿದ್ದಂತೆ ಎತ್ತರದ ಕೊಂಬೆಯ ತುದಿಗೇರಿ, ಬಾಲವನ್ನು ಮೇಲಕ್ಕೆತ್ತಿ, ಈ ಹಿತ್ತಿಲು ತನ್ನದೆಂದು ಸಾರುವಂತೆ ಹಾಡುತ್ತದೆ. ನಾನು ಕಣ್ಣಿಗೆ ದುರ್ಬೀನು ಹಚ್ಚುವಷ್ಟರಲ್ಲಿ ಚಿಕ್ಕಮ್ಮ ಬಾಗಿಲಿಗೆ ಬಂದು, "ಆ ದಾಸವಾಳದ ಹತ್ತಿರ ಹೋಗಬೇಡ ಮಾರಾಯ, ಹಕ್ಕಿ ಎಲೆ ಹೊಲೀತಾ ಇದೆ" ಎಂದರು.

ಟುವ್ವಿ ಹಕ್ಕಿ! ಕೆಲವರು ಇದನ್ನು ಸಿಂಪಿಗ ಎಂದು ಕರೆಯುವುದು ಸುಮ್ಮನೆ ಅಲ್ಲ. ದೂರದಿಂದಲೇ ದುರ್ಬೀನಿನಲ್ಲಿ ನೋಡಿದೆ: ಹೆಣ್ಣು ಹಕ್ಕಿ ಕೊಕ್ಕಿನಿಂದ ಎಲೆಯ ಅಂಚಿಗೆ ತೂತು ಕೊರೆದು, ಜೇಡರ ಬಲೆಯ ನೂಲನ್ನು ಅದರೊಳಗೆ ತೂರಿಸಿ ಆಚೆಯಿಂದ ಎಳೆಯುತ್ತಿತ್ತು. ತೂರಿಬಂದ ನೂಲಿನ ತುದಿ ಅಲ್ಲಿಯೇ ಚಿಕ್ಕ ಉಂಡೆಯಾಗಿ ನಿಂತು ಜಾರದಂತೆ ಹಿಡಿದುಕೊಳ್ಳುತ್ತಿತ್ತು. ಎರಡು ಎಲೆಗಳು ಒಂದಕ್ಕೊಂದು ಕೂಡಿ ಚೀಲದ ಆಕಾರ ತಳೆಯುವುದನ್ನು ನೋಡುತ್ತ ಒಂದು ಗಂಟೆ ಕಳೆದದ್ದು ನನಗೆ ತಿಳಿಯಲೇ ಇಲ್ಲ.

ಬಿಸಿಲು ಏರುವ ಮೊದಲು ತೋಟ ದಾಟಿ ಹಳ್ಳಕ್ಕೆ ಇಳಿದೆ. ದಂಡೆಯ ಹೊಂಗೆಮರಗಳು ಎಳೆಹಸಿರು ಚಿಗುರಿನಿಂದ ತುಂಬಿದ್ದವು. ಹೊಳೆಮತ್ತಿಯ ನೆರಳಿನಲ್ಲಿ ನೀರು ಕಲ್ಲಿನಿಂದ ಕಲ್ಲಿಗೆ ತೆಳ್ಳಗೆ ಹರಿಯುತ್ತಿತ್ತು. ಎಲ್ಲೋ ಮೇಲ್ಭಾಗದಲ್ಲಿ ಸಿಳ್ಳಾರ ಹಕ್ಕಿಯ ದನಿ ಕೇಳಿಸಿತು. ಗೊತ್ತಿಲ್ಲದವರು ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕುತ್ತಿದ್ದಾನೆಂದೇ ತಿಳಿಯಬೇಕು, ಅಷ್ಟು ಮನುಷ್ಯನ ಸಿಳ್ಳೆಯಂತಿದೆ ಅದು. ಹಕ್ಕಿ ಮಾತ್ರ ಕಾಣಿಸಲಿಲ್ಲ. ಇಂಥ ಹೊತ್ತಿನಲ್ಲಿ ಮೊಬೈಲಿನಿಂದ ಅದರದೇ ಕೂಗನ್ನು ನುಡಿಸಿ ಹೊರಗೆಳೆಯುವವರಿದ್ದಾರೆ. ಮರಿ ಮಾಡುವ ಕಾಲ ಸಮೀಪಿಸಿರುವಾಗ, ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ತನ್ನ ಶಕ್ತಿಯನ್ನು ವ್ಯರ್ಥಮಾಡಿಕೊಳ್ಳುವಂತೆ ಮಾಡುವುದು ತಪ್ಪೆಂದೇ ನಾನು ನಂಬಿದ್ದೇನೆ. ಕೇಳಿದಷ್ಟೇ ಸಾಕೆಂದು ಬಂಡೆಯ ಮೇಲೆ ಕುಳಿತೆ.

ಕುಳಿತದ್ದಕ್ಕೆ ಬೂದು ಸಿಪಿಲೆ ಎಂಬ ವಲಸೆ ಹಕ್ಕಿ ಸಿಕ್ಕಿತು. ಎಂಟು ಹತ್ತು ಮಾರು ದೂರದ ಒದ್ದೆ ಕಲ್ಲಿನ ಮೇಲೆ ಉದ್ದನೆಯ ಬಾಲವನ್ನು ಬಿಡುವಿಲ್ಲದೆ ಕುಣಿಸುತ್ತ, ನೀರಿನ ಅಂಚಿನ ಹುಳುಗಳನ್ನು ಹೆಕ್ಕುತ್ತಿತ್ತು. ಹೊಟ್ಟೆಯ ಹಳದಿ ಢಾಳಾಗಿತ್ತು. ಆದರೆ ನನ್ನ ಕಣ್ಣು ನೆಟ್ಟದ್ದು ಅದರ ಗಂಟಲಿನ ಮೇಲೆ: ಚಳಿಗಾಲದಲ್ಲಿ ಬಿಳಿಯಾಗಿರುವ ಆ ಜಾಗದಲ್ಲಿ ಕಪ್ಪು ಗರಿಗಳು ಚುಕ್ಕೆಚುಕ್ಕೆಯಾಗಿ ಮೂಡಿದ್ದವು. ಅದು ಗಂಡಿನ ಮದುವಣಿಗ ವೇಷ. ಆದರೆ ಮದುವೆ ಇಲ್ಲಲ್ಲ, ಹಿಮಾಲಯದ ಯಾವುದೋ ತೊರೆಯ ದಂಡೆಯಲ್ಲಿ ಅಥವಾ ಅದಕ್ಕೂ ಆಚೆ. ಮೇಲೆ ಹೊಂಗೆಯ ಚಿಗುರಿನೊಳಗೆ ಹತ್ತು ಗ್ರಾಂ ಕೂಡ ತೂಗದ ಎಲೆ ಉಲಿಯಕ್ಕಿಗಳೂ ಹೊಟ್ಟೆಬಾಕರಂತೆ ಹುಳು ಹುಡುಕುತ್ತಿದ್ದವು. ದೂರದ ಹಾರಾಟಕ್ಕೆ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ.

ಸಂಜೆ ಆ ಹೊತ್ತಿನ ಹಕ್ಕಿಗಳ ಪಟ್ಟಿಯನ್ನು, ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಕೇಂದ್ರವು 2002ರಲ್ಲಿ ಅಲ್ಲಿನ ಹಕ್ಕಿ ಸಂರಕ್ಷಣೆಯ ಆಡುಬಾನ್ ಸಂಸ್ಥೆಯೊಂದಿಗೆ ಸೇರಿ ಆರಂಭಿಸಿದ ಈ ತಾಣದಲ್ಲಿ ಹಕ್ಕಿಗಳು ಕಂಡ ದಿನದಷ್ಟೇ ಅವು ಕಾಣದೆ ಹೋದ ದಿನಕ್ಕೂ ಬೆಲೆಯಿದೆ. ಹಾಗಾಗಿ ಮರುದಿನವೂ ಅದೇ ಹೊತ್ತಿಗೆ ಹಳ್ಳಕ್ಕೆ ಹೋದೆ. ಒದ್ದೆ ಕಲ್ಲು ಖಾಲಿಯಿತ್ತು. ಸಿಪಿಲೆ ಮೇಲಿನ ಮಡುವಿಗೆ ಹೋಗಿತ್ತೋ, ರಾತ್ರಿಯೇ ಉತ್ತರಕ್ಕೆ ಹೊರಟಿತ್ತೋ. ಎರಡು ಗಂಟೆ ಕಾದರೂ ಬರಲಿಲ್ಲ.

ಮನೆಗೆ ಮರಳಿದಾಗ ಟುವ್ವಿ ಹಕ್ಕಿ ಕೊಕ್ಕಿನಲ್ಲಿ ಬೂರುಗದ ಹತ್ತಿ ಕಚ್ಚಿಕೊಂಡು ಎಲೆಯ ಚೀಲದೊಳಗೆ ನುಸುಳುತ್ತಿತ್ತು. ದಾಸವಾಳದ ಗಿಡದ ಪಕ್ಕಕ್ಕೆ ಕಟ್ಟಿದ್ದ ಬಟ್ಟೆ ಒಣಗಿಸುವ ಹಗ್ಗವನ್ನು ಚಿಕ್ಕಮ್ಮ ಬಿಚ್ಚಿ, ಮನೆಯ ಇನ್ನೊಂದು ಮಗ್ಗುಲಿಗೆ ಕಟ್ಟಿದ್ದರು.