ಚರ್ಚ್ ಹೊರಗ ಐತೆಲ್ಲ, ಮಮ್ಮಿ?

ಹೋದ ಸೋಮವಾರ ರಾತ್ರಿ. ಊಟಕ್ಕೆ ಕೂತಿದ್ದೆವು. ನಮ್ಮ ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆ ಮಗಳದ್ದು. ಅವಳಿಗೆ ಎಂಟು ವರ್ಷ. ದಿನಾ ಕನ್ನಡದಲ್ಲಿ ನಾಲ್ಕು ಮಾತು ಹೇಳಿ ಆಮೆನ್ ಅನ್ನುತ್ತಾಳೆ. ಅವತ್ತು ಮರಾಠಿಯಲ್ಲಿ ಶುರು ಮಾಡಿದಳು. ಚರ್ಚಿನ ಬೇಸಿಗೆ ಶಿಬಿರದ ಮೊದಲ ದಿನ ಮುಗಿಸಿ ಬಂದಿದ್ದಾಳೆ, ಅಲ್ಲಿ ಹೇಳಿಕೊಟ್ಟಿದ್ದು ಬಾಯಲ್ಲಿ ಬಂದಿರಬೇಕು ಅಂತ ನಾನು ಸುಮ್ಮನಿದ್ದೆ. ರೊಟ್ಟಿ ಮುರಿಯುತ್ತ ಅವಳೇ ಕೇಳಿದಳು.

"ಮಮ್ಮಿ, ಯೇಸುಸ್ವಾಮಿಗೆ ಕನ್ನಡ ಬರತೈತೇನು?"

"ಯಾಕ ಬರೂದಿಲ್ಲ? ಎಲ್ಲಾ ಭಾಷೆ ಬರತಾವ."

"ಮತ್ತ ನೀ ಹೊರಗ ಹೋದಾಗ ಕನ್ನಡ ಬ್ಯಾಡ ಅಂತೀ. ಚರ್ಚ್ ಹೊರಗ ಐತೆಲ್ಲ, ಮಮ್ಮಿ?"

ತುತ್ತು ಗಂಟಲಲ್ಲೇ ನಿಂತಿತು. ಯಾಕೆಂದರೆ ಅದು ನಾನೇ ಕಲಿಸಿದ ಪಾಠ.

ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ಯಾರೂ ನಮಗೆ ಕೆಟ್ಟ ಮಾತಾಡಿಲ್ಲ. ಆದರೆ ಬೆಳಗಾವಿ ಗಡಿಯ ಗಲಾಟೆ ಎದ್ದಾಗಲೆಲ್ಲ ಎದೆ ಸ್ವಲ್ಪ ಅಳುಕುತ್ತದೆ. 2022ರ ಡಿಸೆಂಬರಿನಲ್ಲಿ ಅಲ್ಲಿ ಮಹಾರಾಷ್ಟ್ರದ ಗಾಡಿಗಳಿಗೆ ಕಲ್ಲು ಬಿದ್ದವು, ಇಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆಗ ಮಗಳು ತೀರಾ ಚಿಕ್ಕವಳು. ಬಸ್ಸಿನಲ್ಲಿ, ತರಕಾರಿ ಮಾರುಕಟ್ಟೆಯಲ್ಲಿ ದೊಡ್ಡ ದನಿಯಲ್ಲಿ ಕನ್ನಡ ಮಾತಾಡಬೇಡ, ಮರಾಠಿಯಲ್ಲಿ ಹೇಳು ಅಂತ ಕಿವಿಯಲ್ಲಿ ಹೇಳಿದ್ದೆ. ಗಲಾಟೆ ಕೆಲವೇ ದಿನಕ್ಕೆ ತಣ್ಣಗಾಯಿತು. ನಾನು ಮಾತ್ರ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಅದನ್ನು ಮರೆಯಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಬೇರೆ ಭಾಷೆ. ದೇವರ ಮನೆ ಹೊಸ್ತಿಲಿನ ಆಚೆಗಿದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ನಾವು ಹೋಗುವುದು ಕ್ಯಾಂಪ್ ಕಡೆಯ ಒಂದು ಮರಾಠಿ ಚರ್ಚಿಗೆ. ಮೇ ತಿಂಗಳಲ್ಲಿ ಅಲ್ಲಿ ಮಕ್ಕಳಿಗೆ ಒಂದು ವಾರ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆ (ವೆಕೇಶನ್ ಬೈಬಲ್ ಸ್ಕೂಲ್) ಇರುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ. ಹಾಡು, ಕಥೆ, ಕಂಠಪಾಠ, ಕೈಕೆಲಸ, ನಡುವೆ ಬಿಸ್ಕತ್ತು ಮತ್ತು ಕೈರಿ ಪನ್ಹೆ, ಅಂದರೆ ಮಾವಿನಕಾಯಿ ಪಾನಕ. 1898ರಲ್ಲಿ ನ್ಯೂಯಾರ್ಕಿನಲ್ಲಿ ಹಾಸ್ ಎಂಬ ಒಬ್ಬ ಹೆಣ್ಣುಮಗಳು ಇಂಥ ಶಾಲೆ ಶುರು ಮಾಡಿದರಂತೆ. ಬೇಸಿಗೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳನ್ನು ಕೂರಿಸಲು ಜಾಗ ಸಿಗದೆ ಒಂದು ಹೆಂಡದ ಅಂಗಡಿಯನ್ನೇ ಬಾಡಿಗೆಗೆ ಹಿಡಿದರು. ಆ ಕೇರಿ ತುಂಬ ವಲಸೆ ಬಂದವರೇ ಇದ್ದರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ನನ್ನ ಮಗಳಂಥ ಮಕ್ಕಳಿಂದಲೇ ಶುರುವಾದದ್ದು ಅಂತ ಈ ವಾರ ನನಗೆ ಮತ್ತೆ ಮತ್ತೆ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೊರಟಾಗ ಎದುರು ಮನೆಯ ಆಜಿಯೂ ಜೊತೆಗಿದ್ದರು. ಅವರ ಮೊಮ್ಮಗನೂ ಈ ಸಲ ಶಿಬಿರಕ್ಕೆ ಬರುತ್ತಿದ್ದಾನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಹುಡುಗ ದಿನವಿಡೀ ಮೊಬೈಲ್ ಹಿಡಿದು ಕೂರುತ್ತಾನೆ ಅಂತ ಆಜಿಯೇ ಹೆಸರು ಬರೆಸಿದ್ದರು. ಆಜಿ ವಾರಕರಿ, ಪಂಢರಪುರದ ವಿಠ್ಠಲನ ಭಕ್ತೆ. ಕೊರಳಲ್ಲಿ ತುಳಸಿ ಮಾಲೆ. ಮೊಣಕಾಲು ನೋವು ಜಾಸ್ತಿ ಆಗುವ ತನಕ ಆಷಾಢದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ನಡೆದೇ ಹೋಗುತ್ತಿದ್ದವರು. ಮಗಳು ಕೇಳಿದ ಪ್ರಶ್ನೆಯನ್ನು ಅವರ ಹತ್ತಿರ ಹೇಳಿಕೊಂಡೆ. ರಾತ್ರಿ ನಿದ್ದೆ ಬಂದಿರಲಿಲ್ಲ, ಯಾರಿಗಾದರೂ ಹೇಳಬೇಕಿತ್ತು.

ಆಜಿ ನಡುರಸ್ತೆಯಲ್ಲಿ ನಿಂತುಬಿಟ್ಟರು. ಬಗ್ಗಿ ಮಗಳ ಗಲ್ಲ ಹಿಡಿದು ಮರಾಠಿಯಲ್ಲಿ ಹೇಳಿದರು: "ಅಗಂ ಬಾಳಾ, ನಮ್ಮ ವಿಠೋಬಾನೇ ಕಾನಡಾ. ನಿಮ್ಮ ಕಡೆಯಿಂದ ಬಂದವನು. ದೇವರಿಗೆ ಕನ್ನಡ ಬರದಿದ್ದರೆ ಇಷ್ಟು ವರ್ಷ ನಾನು ಯಾರ ಹತ್ತಿರ ನಡೆದುಕೊಂಡು ಹೋದೆ?"

ಆಮೇಲೆ ನನ್ನ ಕಡೆ ತಿರುಗಿ, "ಮಗುವಿಗೆ ಹೀಗೆಲ್ಲ ಹೆದರಿಸಬೇಡ" ಅಂದರು. ಅಷ್ಟೇ. ಮತ್ತೆ ನಡೆಯತೊಡಗಿದರು.

ಆಜಿ ಸುಮ್ನೆ ಹೇಳಿದ ಮಾತಲ್ಲ ಅದು. ಹದಿಮೂರನೆಯ ಶತಮಾನದಲ್ಲೇ ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ವಿಠ್ಠಲನನ್ನು ಕಾನಡಾ ಅಂತ ಕರೆದಿದ್ದಾರೆ. ಅದನ್ನು ಇಲ್ಲಿನ ಮುದುಕಿಯರು ಹೆಮ್ಮೆಯಿಂದಲೇ ಹಾಡುತ್ತಾರೆ. ನಾನು ಹನ್ನೊಂದು ವರ್ಷ ಇಂಥವರ ನಡುವೆ ಇದ್ದು ನನ್ನ ಮಾತನ್ನು ಬಚ್ಚಿಟ್ಟುಕೊಂಡು ಓಡಾಡಿದೆ.

ಚರ್ಚಿನ ಅಂಗಳಕ್ಕೆ ಹೋದರೆ ಹಾಡು ಶುರುವಾಗಿತ್ತು. ಮಕ್ಕಳ ಕೈಯಲ್ಲಿ ತಾಳ, ಒಬ್ಬ ದೊಡ್ಡ ಹುಡುಗನ ಮುಂದೆ ಮೃದಂಗ. ಅಭಂಗದ ಧಾಟಿಯಲ್ಲಿ ಯೇಸುವಿನ ಹಾಡು. ಆಜಿ ಗೇಟಿನ ಹತ್ತಿರ ನಿಂತು ತಲೆದೂಗಿದರು. ಇಲ್ಲಿನ ಮರಾಠಿ ಚರ್ಚುಗಳಿಗೆ ಈ ದಾರಿ ಹಾಕಿಕೊಟ್ಟವರಲ್ಲಿ ದೊಡ್ಡವರು ನಾರಾಯಣ ವಾಮನ ತಿಲಕ್ (1861–1919). ತುಕಾರಾಮರ ಸೇತುವೆ ದಾಟಿಯೇ ತಾನು ಕ್ರಿಸ್ತನ ಹತ್ತಿರ ಬಂದೆ ಅನ್ನುತ್ತಿದ್ದ ಕವಿ. ಆ ತುಕಾರಾಮರ ದೇಹು ಇಲ್ಲೇ, ಇಂದ್ರಾಯಣಿಯ ದಡದಲ್ಲಿದೆ. ನೂರು ವರ್ಷ ಕಳೆದರೂ ತಿಲಕರ ಹಾಡುಗಳು ಮಕ್ಕಳ ಬಾಯಲ್ಲಿವೆ. ಯಾರೂ ಹಳೇದು ಅಂತ ಪಕ್ಕಕ್ಕೆ ಇಟ್ಟಿಲ್ಲ.

ನನಗೆ ಬೆಟಗೇರಿ ನೆನಪಾಯಿತು. ನನ್ನ ತವರು. ಗದಗ ಪಕ್ಕದ ಆ ನೇಕಾರರ ಊರಿಗೆ ಬಾಸೆಲ್ ಮಿಷನ್ನಿನವರು 1841ರಲ್ಲೇ ಬಂದಿದ್ದರು. ಅಲ್ಲಿ ನಮಗೆ ಮೇ ತಿಂಗಳಲ್ಲಿ ಹತ್ತು ದಿನ ವಿಬಿಎಸ್. ಬೇವಿನ ಮರದ ಕೆಳಗೆ ಜಮಖಾನ, ಒಂದು ಹಾರ್ಮೋನಿಯಂ, ಕೊನೆಯ ದಿನ ಗಿರ್ಮಿಟ್ಟು ಮತ್ತು ಲಿಂಬೆ ಪಾನಕ. ಬಾಯಿಪಾಠ ಪೂರ್ತಿ ಒಪ್ಪಿಸಿದವರಿಗೆ ಸ್ಟೀಲ್ ಬಟ್ಟಲು. ಅಂಥ ಎರಡು ಬಟ್ಟಲು ಇವತ್ತಿಗೂ ಅವ್ವನ ಅಡುಗೆಮನೆಯಲ್ಲಿವೆ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಮೆಂತ್ಯ.

ಕಲಿಸುತ್ತಿದ್ದ ಟೀಚರ್ ಕಪ್ಪು ಹಲಗೆಯ ಮೇಲೆ ಒಳ್ಳೆಯ ಕುರುಬನ, ಅಂದರೆ ಯೇಸುವಿನ ಚಿತ್ರ ಬರೆಯುತ್ತಿದ್ದರು. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಕಂಕುಳಲ್ಲಿ ಮರಿ. ಸುಗ್ಗಿ ಮುಗಿದ ಮೇಲೆ ನಮ್ಮೂರ ಹೊಲಗಳಲ್ಲಿ ಗೊಬ್ಬರಕ್ಕೆ ಅಂತ ರಾತ್ರಿ ಕುರಿ ನಿಲ್ಲಿಸುತ್ತಾರಲ್ಲ, ಆ ಕುರುಬನೇ. ದೇವರನ್ನು ಕುರುಬ ಅಂತ ಕರೆಯುವ, ಬೈಬಲ್ಲಿನ ದಾವೀದನ 23ನೆಯ ಕೀರ್ತನೆ ಓದಿದಾಗ ನಮಗೆ ಯಾವ ದೂರದ ದೇಶವೂ ಕಾಣುತ್ತಿರಲಿಲ್ಲ. ನಸುಕಿನಲ್ಲಿ ನಾಯಿ ಬೊಗಳುವುದು, ಕಂಬಳಿ ಹೊದ್ದು ಕೂತವನ ಬೀಡಿಯ ಕಿಡಿ, ಕುರಿಗಳ ವಾಸನೆ, ಇವೇ ಬರುತ್ತಿದ್ದವು. ದೇವರು ನಮ್ಮ ಹೊಲದಲ್ಲೇ ರಾತ್ರಿ ಕಾಯುತ್ತಾ ಕೂತಿದ್ದಾನೆ ಅಂತ ಧೈರ್ಯ. ಆ ಧೈರ್ಯ ಕೊಟ್ಟಿದ್ದು ಕನ್ನಡ. ಬೇರೆ ಯಾವ ಭಾಷೆಯಲ್ಲಿ ಕೇಳಿದ್ದರೂ ನನಗೆ ಅಷ್ಟು ಹತ್ತಿರಕ್ಕೆ ಬರುತ್ತಿರಲಿಲ್ಲ.

ಬುಧವಾರ ಬೆಂಗಳೂರಿನ ನನ್ನ ತಂಗಿಗೆ ಫೋನ್ ಮಾಡಿದೆ. ಅವಳ ಮಕ್ಕಳಿಗೂ ವಿಬಿಎಸ್ ಮುಗಿದಿತ್ತು. ಅವರು ಹೋಗುವುದು ಕನ್ನಡ ಆರಾಧನೆಯ ಚರ್ಚಿಗೆ. ಶಿಬಿರ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿ. ಪರದೆಯ ಮೇಲೆ ವಿಡಿಯೋ, ಹಿಮದ ಬೆಟ್ಟ, ಪೆಂಗ್ವಿನ್. "ಕನ್ನಡದಾಗ ಮಾಡಿದ್ರ ಮಕ್ಕಳು ಬರೂದಿಲ್ಲಕ್ಕ" ಅಂದಳು. ಹುಬ್ಬಳ್ಳಿಯಲ್ಲೂ ಈಗ ಹಾಗೇ ಆಗುತ್ತಿದೆಯಂತೆ. ನನಗೆ ನಿಜಕ್ಕೂ ನೋವಾಯಿತು. ಪರರಾಜ್ಯದಲ್ಲಿದ್ದು ಹೆದರಿ ನಾನು ಕನ್ನಡ ಮುಚ್ಚಿಟ್ಟೆ. ಸ್ವಂತ ನೆಲದಲ್ಲಿ ಇವರು ಯಾರಿಗೆ ಹೆದರಿದರು?

ಕನ್ನಡಕ್ಕೆ ನಮ್ಮ ಹಿರಿಯರ ಕ್ರೈಸ್ತ ಸಭೆಗಳು ಮಾಡಿದ ಕೆಲಸ ಕಡಿಮೆಯದಲ್ಲ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ, ಅಂದರೆ ಬೈಬಲ್, ಕನ್ನಡಕ್ಕೆ ಬಂದಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗರ ಕೈಯಿಂದ ಹೊರಟಿತು. 1894ರ ಕಿಟೆಲ್ ನಿಘಂಟು ಯಾರಿಗೆ ಗೊತ್ತಿಲ್ಲ? ಜರ್ಮನಿಯಿಂದ ಬಂದವರು ಹಳ್ಳಿ ಹಳ್ಳಿ ತಿರುಗಿ ಒಂದೊಂದೇ ಕನ್ನಡ ಮಾತನ್ನು ಆರಿಸಿ ಇಟ್ಟರು. ಆ ಮನೆಯ ಮಕ್ಕಳಿಗೇ ಈಗ ಕುರುಬ ಅಂದರೆ ಯಾರು ಅಂತ ಇಂಗ್ಲಿಷಿನಲ್ಲಿ ತಿಳಿಸಿ ಹೇಳಬೇಕಾಗಿದೆ.

ತಂಗಿಗೆ ಇಷ್ಟೆಲ್ಲ ಹೇಳಲಿಲ್ಲ. ಹೇಳುವ ಮುಖ ನನಗೂ ಇರಲಿಲ್ಲ. ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.

ಅವತ್ತು ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾ ನಿನಗ ಹೇಳಿದ್ದು ತಪ್ಪಾತು. ಕನ್ನಡ ಎಲ್ಲೆ ಬೇಕಾದ್ರೂ ಮಾತಾಡು" ಅಂದೆ. "ಬಸ್ಸಿನಾಗೂ?" ಅಂದಳು. "ಬಸ್ಸಿನಾಗೂ." ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಆ ಕೀರ್ತನೆಯ ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ. ಶಿಬಿರದಲ್ಲಿ ಅದನ್ನೇ ಮರಾಠಿಯಲ್ಲಿ ಕಲಿಯುತ್ತಿದ್ದಳು. ಯೆಹೋವನು ನನಗೆ ಕುರುಬನು, ಅಲ್ಲಿಯ ತನಕ ಸರಿ ಬಂದಳು. ಮುಂದಿನ ಒಂದು ಪದಕ್ಕೆ ನಿಂತಳು. ಕೊರತೆಪಡೆನು.

"ಹಂಗಂದ್ರ?"

"ನನಗೇನೂ ಕಡಿಮಿ ಬೀಳೂದಿಲ್ಲ ಅಂತ."

"ನಮ್ಮ ತಾಈ ಅದಕ್ಕ ಉಣೇ ಅಂತಾರ," ಅಂದಳು. ತಾಈ ಅಂದರೆ ಮರಾಠಿಯಲ್ಲಿ ಅಕ್ಕ, ಇಲ್ಲಿನ ಟೀಚರ್. ಮರಾಠಿಯ ಉಣೇ, ನಮ್ಮ ಊನ, ಎರಡೂ ಒಂದೇ ಬೇರಿನವು ಅಂದೆ. ಅವಳಿಗೆ ಅದು ತುಂಬಾ ಹಿಡಿಸಿತು.

ಗುರುವಾರ ಓಡಿ ಬಂದಳು. "ಮಮ್ಮಿ, ಪಂಡಿತಾ ರಮಾಬಾಯಿ ನಮ್ಮ ಕಡೆಯವರಂತ!" ಅವತ್ತಿನ ಕಥೆ ರಮಾಬಾಯಿಯವರದ್ದು. ಹೌದು, 1858ರಲ್ಲಿ ಅವರು ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆಯ ಊರು ಕಾರ್ಕಳದ ಹತ್ತಿರದ ಮಾಳ. ಹುಡುಗಿಗೆ ಸಂಸ್ಕೃತ ಕಲಿಸಿದ ಮನೆ ಅದು. ಊರೂರು ಅಲೆಯುತ್ತಲೇ ಕನ್ನಡ, ಹಿಂದುಸ್ತಾನಿ, ಬಂಗಾಲಿ ಕಲಿತರು. ಮುಂದೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ಬರಗಾಲದಿಂದ ಉಳಿದು ಬಂದ ನೂರಾರು ಹೆಣ್ಣುಮಕ್ಕಳಿಗೆ ಮುಕ್ತಿ ಮಿಷನ್ನಿನಲ್ಲಿ ನೆಲೆ ಕೊಟ್ಟರು. ಹಳ್ಳಿಯ ಹೆಂಗಸರಿಗೂ ತಿಳಿಯಬೇಕು ಅಂತ ಇಡೀ ಬೈಬಲ್ಲನ್ನು ಸುಲಭ ಮರಾಠಿಗೆ ತಂದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. 1922ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ ಹಿಡಿದು ಕೂತಿದ್ದರು.

ನಾವು ತವರಿಗೆ ಹೋಗುವ ಗದಗ ರೈಲು ಅದೇ ಕೇಡಗಾಂವದ ಮೇಲೆ ಹೋಗುತ್ತದೆ. ಎಷ್ಟು ಸಲ ಹೋಗಿದ್ದೇವೆ. ಒಂದು ಸಲವೂ ಕಿಟಕಿಯಲ್ಲಿ ಮಗಳಿಗೆ ತೋರಿಸಿಲ್ಲ. ಹೆಚ್ಚಾಗಿ ದೌಂಡ್ ಬರುವ ಮುಂಚೆ ಚಪಾತಿ ಬಿಚ್ಚುವ ಗಡಿಬಿಡಿ.

ಶನಿವಾರ ಕೊನೆಯ ದಿನ. ಮಕ್ಕಳೆಲ್ಲ ಹಳದಿ ಟೋಪಿ ಹಾಕಿಕೊಂಡು ವೇದಿಕೆ ಹತ್ತಿದರು. ಕೈಯಲ್ಲಿ ಹತ್ತಿ ಅಂಟಿಸಿ ಮಾಡಿದ ಕುರಿಮರಿ. ಮಗಳು ತನ್ನ ಗುಂಪಿನ ಜೊತೆ ಕೀರ್ತನೆಯನ್ನು ಮರಾಠಿಯಲ್ಲೇ ಹೇಳಿದಳು. ಚೆನ್ನಾಗಿ ಹೇಳಿದಳು, ನನಗೆ ಹೆಮ್ಮೆ ಆಯಿತು. ಆಜಿಯ ಮೊಮ್ಮಗ ತಾಳ ಹಾಕಿದ. ಆಜಿ ಎಲ್ಲ ಮಕ್ಕಳಿಗೂ ರಾಜಗಿರಾ ಲಾಡು ಹಂಚಿದರು.

ಮನೆಗೆ ಬಸ್ಸಿನಲ್ಲಿ ಹೊರಟೆವು. ಮಧ್ಯಾಹ್ನದ ಬಿಸಿಲು, ನಿಲ್ಲಲೂ ಜಾಗವಿಲ್ಲ. ಹೇಗೋ ಒಂದು ಸೀಟು ಸಿಕ್ಕಿತು, ತೊಡೆಯ ಮೇಲೆ ಕೂರಿಸಿಕೊಂಡೆ. ಅಷ್ಟರಲ್ಲಿ ಬೆಟಗೇರಿಯಿಂದ ಅವ್ವನ ಫೋನ್ ಬಂತು. ಮಗಳು ಕಸಿದುಕೊಂಡು ಸ್ಪೀಕರ್ ಒತ್ತಿದಳು.

"ಅಜ್ಜೀ, ಕನ್ನಡದಾಗ ಒಂದು ವಾಕ್ಯ ಕಲ್ತೇನಿ, ಕೇಳು. ಯೆಹೋವನು ನನಗೆ ಕುರುಬನು, ಕೊರತೆ ಪಡೇನು."

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಕಂಡಕ್ಟರ್ ಕೂಡ. ನನ್ನ ಕೈ ಅಭ್ಯಾಸಬಲದಿಂದ ಅವಳ ಬಾಯಿಯ ಹತ್ತಿರ ಹೋಗಿತ್ತು. ಅಲ್ಲಿಂದ ಅವಳ ಟೋಪಿಗೆ ಹೋಯಿತು. ಸರಿ ಮಾಡಿ ಇಟ್ಟೆ.

"ಪಡೇನು ಅಲ್ಲವಾ ಕೂಸ," ಅವ್ವನ ದನಿ ಇಡೀ ಬಸ್ಸಿಗೆ ಕೇಳಿಸಿತು. "ಕೊರತೆಪಡೆನು. ಕೂಡಿಸಿ ಹೇಳು. ಜೋರಂಗ ಹೇಳು, ಇಲ್ಲೆ ಫ್ಯಾನಿನ ಸಪ್ಪಳದಾಗ ಕೇಳೂದಿಲ್ಲ."

ಮಗಳು ನನ್ನ ಮುಖ ನೋಡಿದಳು. ಆಮೇಲೆ ಜೋರಾಗಿ ಹೇಳಿದಳು. ವಾನವಡಿ ಬರುವಷ್ಟರಲ್ಲಿ ಮೂರು ಸಲ ಹೇಳಿದ್ದಳು.